ಸೀದ ಸಕ್ಕರೆಯ ಬಣ್ಣ

"ಉರಿ ಸಣ್ಣ ಮಾಡ್ರೋ! ಸೀದ್ರ ಅಡತ್ಯಾಂವ ಮೂಸಿ ಸುದ್ದಾ ನೋಡೂದಿಲ್ಲ."

ಚಿಕ್ಕೋಡಿ ತಾಲೂಕಿನ ಕರೋಶಿಯ ಆಸುಪಾಸಿನಲ್ಲಿ ಕಬ್ಬಿನ ಗಾಣದ ಮುಂದೆ ನಿಂತು ಬೆಳೆದವರಿಗೆ ಈ ಬೈಗುಳ ಹೊಸದಲ್ಲ. ಒಲೆಗೆ ಒಣಸಿಪ್ಪೆ ತುರುಕುವವನು ಒಂದು ಗಳಿಗೆ ಮೈಮರೆತರೆ ಸಾಕು, ಕೊಪ್ಪರಿಗೆಯ ತಳದಲ್ಲಿ ಪಾಕ ಕಂದಾಗಿ, ಕಂದು ಕಪ್ಪಾಗಿ, ನಾಲ್ಕು ತಾಸಿನ ದುಡಿಮೆಯ ಬೆಲೆ ಬಿದ್ದುಹೋಗುತ್ತದೆ. ಹಾಲಿಗೆ ಸುಣ್ಣದ ತಿಳಿ ಬಿಟ್ಟದ್ದು, ಬೆಂಡಿ ಗಿಡದ ದಂಟು ಜಜ್ಜಿ ಲೋಳೆ ಹಾಕಿ ಹೊಲಸನ್ನೆಲ್ಲ ಮೇಲೆ ತಂದು ಜಾಲರಿಯಿಂದ ತೆಗೆದದ್ದು, ಎಲ್ಲವೂ ನೀರುಪಾಲು. (ಹಾಲು ಅಂದರೆ ಎಮ್ಮೆಯದಲ್ಲ. ನಮ್ಮಲ್ಲಿ ಕಬ್ಬಿನ ರಸಕ್ಕೂ ಹಾಲೇ ಅನ್ನುವುದು.) ತಣ್ಣೀರಿನಲ್ಲಿ ಒಂದು ಹನಿ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುವ ಹಿರಿಯನಿಗೆ ಉಷ್ಣಮಾಪಕ ಬೇಕಿಲ್ಲ. ಸುಮಾರು 118 ಡಿಗ್ರಿ ಸೆಲ್ಸಿಯಸ್ಸಿಗೆ ಬೆಲ್ಲದ ಹದ ಬರುತ್ತದೆ ಎಂದು ಪುಸ್ತಕ ಹೇಳುತ್ತದೆ, ಅವನ ಬೆರಳು ಅದನ್ನೇ ಹೇಳುತ್ತದೆ. ಅಲ್ಲಿಗೆ ಇಳಿಸಬೇಕು. ದಾಟಿದರೆ ಸೀದಂತೆ.

ಬೆಲ್ಲದ ಪೇಟೆಯಲ್ಲಿ ಬಣ್ಣವೇ ಜಾತಿ. ಹಳದಿ ಪೆಂಟಿಗೆ ಮೇಲಿನ ದರ, ಕೆಂಪಿಗೆ ನಡುವಿನದು, ಕರಿದನ್ನು ದನಕ್ಕೋ ಇನ್ನಾವುದಕ್ಕೋ ಎಂದು ಬದಿಗೆ ಸರಿಸುತ್ತಾರೆ. ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಎಂಬ ಗಂಧಕಯುಕ್ತ ಪುಡಿ ಉದುರಿಸುವ ಚಾಳಿ ಬಂದದ್ದೂ ಇದೇ ಕಾರಣಕ್ಕೆ. ಒಂದು ಟನ್ ಕಬ್ಬಿಗೆ ಹೆಚ್ಚುಕಡಿಮೆ ಒಂದು ಕ್ವಿಂಟಾಲ್ ಬೆಲ್ಲ. ಆ ಕ್ವಿಂಟಾಲಿನ ಹಣೆಬರಹವನ್ನು ಬಣ್ಣ ಬರೆಯುತ್ತದೆ.

ಇದನ್ನೆಲ್ಲ ಹೇಳುತ್ತಿರುವುದು ಬಿಯರಿನ ಬಗ್ಗೆ ಬರೆಯಲಿಕ್ಕೆ. ನಾವು ತಪ್ಪು ಎಂದು ಬೈಸಿಕೊಳ್ಳುವ ಆ ಕಪ್ಪನ್ನು ಬೇಕೆಂದೇ, ಹದವಾಗಿ ಕಾಯಿಸಿ ಪಡೆಯುವ ಒಂದು ದೇಶವಿದೆ. ಅಲ್ಲಿಯ ಹೆಸರುವಾಸಿ ಕಪ್ಪು ಏಲ್ ಬಿಯರುಗಳ ಗುಟ್ಟು ಸೀದ ಸಕ್ಕರೆಯಲ್ಲಿದೆ. ದೇಶ ಬೆಲ್ಜಿಯಂ. ಅದರ ಕಪ್ಪು ಏಲ್ ಕರ್ನಾಟಕದ ಬ್ರ್ಯಾಂಡಿನ ಹೆಸರು ಹೊತ್ತು ನಮ್ಮಲ್ಲಿಗೆ ಬಂದ ಕತೆ ಶುರುವಾಗುವುದು ಬೆಂಗಳೂರಿನಲ್ಲಿ.

ನಾರಾಯಣ್ ಮಾನೆಪಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ಇಂಟೆಲ್ ಕಂಪನಿಯ ಎಂಜಿನಿಯರಾಗಿದ್ದವರು. ಆ ಸೀಮೆಯಲ್ಲಿ ಮನೆಯಲ್ಲೇ ಬಿಯರು ತಯಾರಿಸುವುದು ನಮ್ಮಲ್ಲಿ ಉಪ್ಪಿನಕಾಯಿ ಹಾಕುವಷ್ಟು ಸಾಮಾನ್ಯ. ಅಲ್ಲಿ ಹತ್ತಿದ ಹುಚ್ಚನ್ನು ಹೊತ್ತುಕೊಂಡು ಬೆಂಗಳೂರಿಗೆ ಬಂದು ಗೆಳೆಯರ ಜತೆ 'ಗೈಸ್ಟ್' ಎಂಬ ಬ್ರ್ಯಾಂಡ್ ಕಟ್ಟಿದರು. ಜರ್ಮನ್ ಭಾಷೆಯಲ್ಲಿ ಗೈಸ್ಟ್ ಅಂದರೆ ಚೇತನ, ಆತ್ಮ. ಭೂತ ಅಂತಲೂ ಅರ್ಥವುಂಟು. ಆದರೆ 2000ರ ದಶಕದ ಕೊನೆಯಲ್ಲಿ ಕರ್ನಾಟಕದಲ್ಲಿ ಬಿಯರು ಮಾಡಬೇಕೆಂದರೆ ದೊಡ್ಡ ಕಾರ್ಖಾನೆಯನ್ನೇ ಹಾಕಬೇಕಿತ್ತು. ಸಣ್ಣ ಕೈಗೆ ಕಾನೂನಿನಲ್ಲಿ ಜಾಗವಿರಲಿಲ್ಲ. ಹಾಗಾಗಿ ಈ ಬೆಂಗಳೂರಿನ ಬಿಯರು ತಯಾರಾದದ್ದು ಬೆಲ್ಜಿಯಮ್ಮಿನಲ್ಲಿ. ಪಾಕವಿಧಾನ ಇವರದು, ಕೊಪ್ಪರಿಗೆ ಅವರದು. ಬ್ಲಾಂಡ್, ಡಾರ್ಕ್, ವಿಸ್ಲಿಂಗ್ ವೀಟ್ ಎಂಬ ಮೂರು ಬಗೆ ಬಾಟಲಿಗಳಲ್ಲಿ ಕಡಲು ದಾಟಿ ಬಂದವು. ಡಾರ್ಕ್ ಎಂಬುದೇ ಬೆಲ್ಜಿಯನ್ ಮಾದರಿಯ ಕಪ್ಪು ಏಲ್.

ಹೊರಗಿನಿಂದ ಬರುವ ಬಿಯರಿಗೆ ಆಗ ಮೂಲ ಸುಂಕವೇ ಶೇ 100. ನೂರು ರೂಪಾಯಿಯದು ಬಂದರಿಗೆ ಬಂದೊಡನೆ ಇನ್ನೂರು. ಅದರ ಮೇಲೆ ರಾಜ್ಯದ ಅಬಕಾರಿ ಲೆಕ್ಕ. ಊರಿನ ಬಿಯರು ಊರಿಗೆ ಬರಲು ಪರದೇಶಿಯ ಸುಂಕ ಕಟ್ಟಬೇಕಾದ ಈ ತಮಾಷೆ ಗೈಸ್ಟ್‌ಗಷ್ಟೇ ಸೀಮಿತವಲ್ಲ. 2015ರಲ್ಲಿ ಮಾರುಕಟ್ಟೆಗೆ ಬಂದ ಬಿರಾ 91 ಕೂಡ ಮೊದಮೊದಲು ಬೆಲ್ಜಿಯಮ್ಮಿನಲ್ಲೇ ತಯಾರಾಗುತ್ತಿತ್ತು.

ಅಷ್ಟರಲ್ಲಿ ಗಾಳಿ ಬದಲಾಯಿತು. ನಮಗೆ ಬೆಂಗಳೂರಿಗಿಂತ ಹತ್ತಿರದ ಪುಣೆಯಲ್ಲಿ 2009ರಲ್ಲಿ ಡೂಲಾಲಿ ಎಂಬ ಸಣ್ಣ ಬ್ರೂವರಿ ತೆರೆಯಿತು. ಮುಂದಿನ ಒಂದೆರಡು ವರ್ಷಗಳಲ್ಲಿ ಕರ್ನಾಟಕವೂ ಸಣ್ಣ ಬ್ರೂವರಿಗಳಿಗೆ ದಾರಿ ಬಿಟ್ಟುಕೊಟ್ಟಿತು. ಬೆಂಗಳೂರಿನಲ್ಲಿ ಟಾಯ್ಟ್, ಬಿಯೆ ಕ್ಲಬ್, ಆಮೇಲೆ ಆರ್ಬರ್, ವಿಂಡ್‌ಮಿಲ್ಸ್ ಒಂದರ ಹಿಂದೊಂದು ಬಾಗಿಲು ತೆರೆದವು. ಗೈಸ್ಟ್ ಕೂಡ ಹಳೆ ಮದ್ರಾಸ್ ರಸ್ತೆಯಲ್ಲಿ ತನ್ನದೇ ಬ್ರೂವರಿ ಕಟ್ಟಿಕೊಂಡಿತು. ಅಲ್ಲಿಯ 'ಅಂಕಲ್ ಡಂಕೆಲ್' ಎಂಬ ಕಪ್ಪು ಬಿಯರಿಗೆ ಒಳ್ಳೆಯ ಹೆಸರಿದೆ, ಆದರೆ ಅದರ ಕುಲ ಜರ್ಮನಿಯದು. ಅದರ ಕಪ್ಪು ಕಾಳಿನಿಂದ ಬಂದದ್ದು. ನನ್ನ ಕುತೂಹಲ ಇನ್ನೊಂದು ಕಪ್ಪಿನದು.

ಬಿಯರಿಗೆ ಬಣ್ಣ ಬರುವ ದಾರಿಗಳಲ್ಲಿ ಎರಡು ಮುಖ್ಯ. ಒಂದು, ಜವೆಗೋಧಿಯನ್ನು ಮೊಳಕೆ ಬರಿಸಿ, ಒಣಗಿಸಿ ಮಾಲ್ಟ್ ಮಾಡಿ, ಹುರಿಯುವುದು. ರಾಗಿ ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡುವಾಗಿ ಹುರಿದರೆ ಐರ್ಲೆಂಡಿನ ಸ್ಟೌಟ್. ಕಾಫಿಯ ಹಾಗೆ ಕಹಿ, ಮಸಿಯ ಹಾಗೆ ಕಪ್ಪು. ಇನ್ನೊಂದು ಬೆಲ್ಜಿಯಮ್ಮಿನವರದು. ಅವರು ತಿಳಿ ಮಾಲ್ಟಿನ ರಸ ತೆಗೆದು, ಕುದಿಯುವಾಗ ಅದಕ್ಕೆ ಕಪ್ಪು ಸಕ್ಕರೆ ಪಾಕ ಸುರಿಯುತ್ತಾರೆ. ಹುರಿದ ಮಾಲ್ಟನ್ನು ಒಂದಿಷ್ಟು ಸೇರಿಸುವವರೂ ಇದ್ದಾರೆ, ಆದರೆ ಮುಂದಾಳು ಸಕ್ಕರೆಯೇ. ಬೆಳಕಿಗೆ ಹಿಡಿದರೆ ಲೋಟದ ಅಂಚು ಕೆಂಪಗೆ ಹೊಳೆಯುತ್ತದೆ. ವಾಸನೆಯಲ್ಲಿ ಒಣದ್ರಾಕ್ಷಿ, ಖರ್ಜೂರ, ಅಂಜೂರ. ಒಂದು ಹಣ್ಣನ್ನೂ ಹಾಕಿರುವುದಿಲ್ಲ.

ಈ ಹಣ್ಣಿನ ವಾಸನೆಯಲ್ಲಿ ಅರ್ಧ ಪಾಲು ಯೀಸ್ಟಿನದು. ನಾವು ಅಂಗಡಿಯಲ್ಲಿ ನೋಡುವ ಸಾಮಾನ್ಯ ಬಿಯರು ಲಾಗರ್. ತಣ್ಣಗೆ, ನಿಧಾನವಾಗಿ ಹುದುಗುವಂಥದು, ಸದ್ದಿಲ್ಲದೆ ಕೆಲಸ ಮುಗಿಸುವ ಗುಮಾಸ್ತನಿದ್ದ ಹಾಗೆ. ಏಲ್‌ನ ಯೀಸ್ಟಿಗೆ ಬೆಚ್ಚಗಿರಬೇಕು. ಬೆಲ್ಜಿಯನ್ ಯೀಸ್ಟಂತೂ ಇಪ್ಪತ್ತು ಡಿಗ್ರಿಯ ಸುತ್ತ ಶುರುಮಾಡಿ ತನ್ನದೇ ಕಾವಿಗೆ ಮೇಲೇರುತ್ತ ಬಾಳೆಹಣ್ಣಿನ, ಲವಂಗದ ವಾಸನೆಯ ಸಂಯುಕ್ತಗಳನ್ನು ಬಿಡುತ್ತ ಹೋಗುತ್ತದೆ. ಉಳಿದರ್ಧ ಪಾಲು ಸೀದ ಸಕ್ಕರೆಯದು.

ಸಕ್ಕರೆಯೊಂದನ್ನೇ ಸುಟ್ಟರೆ ಸಿಗುವುದು ಕ್ಯಾರಮೆಲ್. ಆದರೆ ಸಕ್ಕರೆ ಒಡೆದು ಗ್ಲುಕೋಸ್, ಫ್ರಕ್ಟೋಸ್ ಆಗಿ, ಅವು ಅಮೈನೋ ಆಮ್ಲಗಳ ಸಂಗಡ ಕಾದಾಗ ನಡೆಯುವುದು ಬೇರೆಯದೇ ಆಟ. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಯ್ ಮೇಯ್ಯಾರ್ ವಿವರಿಸಿದ ಕ್ರಿಯೆ ಇದು. ಹೆಂಚಿನ ಮೇಲೆ ಜೋಳದ ರೊಟ್ಟಿಗೆ ಬೀಳುವ ಕಂದು ಚುಕ್ಕೆಯೂ, ಸುಟ್ಟ ಬದನೆಕಾಯಿಯ ಘಮವೂ ಬಹುಮಟ್ಟಿಗೆ ಇದರದೇ ಸಂತಾನ. ಕಡಿದ ಕಬ್ಬನ್ನು ಎರಡು ಮೂರು ದಿನ ಹೊಲದಲ್ಲೇ ಬಿಟ್ಟು ಗಾಣಕ್ಕೆ ತಂದರೆ ಬೆಲ್ಲ ಕರ್ರಗಾಗುವುದು ಯಾಕೆ ಎಂಬುದಕ್ಕೂ ಉತ್ತರ ಇಲ್ಲಿದೆ. ಕಬ್ಬಿನೊಳಗೇ ಸಕ್ಕರೆ ಒಡೆಯಲು ಶುರುವಾಗಿರುತ್ತದೆ, ಬೆಂಕಿ ಕಂಡದ್ದೇ ಕಂದಾಗುತ್ತದೆ. ನಮ್ಮವರಿಗೆ ಅದು ನಷ್ಟದ ಲೆಕ್ಕ. ಬೆಲ್ಜಿಯಮ್ಮಿನ ಪಾಕದವನಿಗೆ ಅದೇ ಕಸುಬು.

ಅವರು ಆ ಪಾಕಕ್ಕೆ ಕೊಟ್ಟ ಹೆಸರು ಕೇಳಿ: ಡಚ್ಚಿನಲ್ಲಿ 'ಕಾಂಡೈ', ಫ್ರೆಂಚಿನಲ್ಲಿ 'ಕಾಂದಿ'. ಸಂಸ್ಕೃತದ ಖಂಡ, ಅಂದರೆ ಸಕ್ಕರೆಯ ತುಂಡು, ಪಾರಸಿಯಲ್ಲಿ ಕಂದ್ ಆಗಿ, ಅರಬ್ಬಿಯಲ್ಲಿ ಕಂದೀ ಆಗಿ, ವ್ಯಾಪಾರದ ಹಡಗು ಹತ್ತಿ ಯುರೋಪಿಗೆ ಇಳಿಯಿತು. ಕಾಂಡೈ ಅಂದರೆ ನಮ್ಮ ಕಲ್ಲುಸಕ್ಕರೆಯೇ. ದಾಸರು ಹರಿನಾಮವನ್ನು ಯಾವುದಕ್ಕೆ ಹೋಲಿಸಿ ಬೀದಿಯಲ್ಲಿ ಮಾರಲು ಹೊರಟರೋ ಅದೇ ಸರಕು. ಜಾತ್ರೆಯಲ್ಲಿ ಕೊಂಡ ಕಲ್ಲುಸಕ್ಕರೆ ಕಡಿದಾಗ ನಡುವೆ ಒಂದು ನೂಲು ಸಿಗುತ್ತದಲ್ಲ, ಬೆಲ್ಜಿಯಮ್ಮಿನಲ್ಲೂ ಹಾಗೇ: ಗಟ್ಟಿ ಪಾಕದಲ್ಲಿ ದಾರ ಇಳಿಬಿಟ್ಟರೆ ಹರಳು ಅದರ ಸುತ್ತ ಕಟ್ಟಿಕೊಳ್ಳುತ್ತದೆ. ಹರಳು ತೆಗೆದ ಮೇಲೆ ಉಳಿಯುವುದು ಕಾದು ಕಾದು ಕಪ್ಪಾದ ಪಾಕ. ಬಿಯರಿಗೆ ಬೇಕಾದದ್ದು ಆ ಉಳಿಕೆ. ಅಮೆರಿಕದ ಮನೆ-ಬ್ರೂವರಿಯವರು ಬಹಳ ವರ್ಷ ಇದನ್ನು ತಪ್ಪು ತಿಳಿದು, ದುಬಾರಿ ಹರಳನ್ನು ಕೊಂಡು ಹಾಕಿ, ಬಣ್ಣವೂ ಬರದೆ ರುಚಿಯೂ ಬರದೆ ಪೇಚಾಡಿದರು. ಮಠಗಳ ಬ್ರೂವರಿಗಳಲ್ಲಿ ಬಳಸುವುದು ಪಾಕವನ್ನು ಎಂಬುದು 2000ದ ದಶಕದಲ್ಲಷ್ಟೇ ಅವರಲ್ಲಿ ಹರಡಿದ ಸುದ್ದಿ.

ಕಬ್ಬೇ ಬೆಳೆಯದ ದೇಶಕ್ಕೆ ಇಷ್ಟು ಸಕ್ಕರೆ ಎಲ್ಲಿಂದ ಬಂತು? ಅದಕ್ಕೆ ನೆಪೋಲಿಯನ್ ಕಾರಣ. 1747ರಲ್ಲೇ ಬರ್ಲಿನ್ನಿನ ಮಾರ್ಗ್ರಾಫ್ ಬೀಟ್ ಗೆಡ್ಡೆಯಲ್ಲಿ ಕಬ್ಬಿನದೇ ಸಕ್ಕರೆಯಿದೆ ಎಂದು ಕಂಡುಹಿಡಿದಿದ್ದ. ಅವನ ಶಿಷ್ಯ ಆಖಾರ್ಡ್ 1801ರ ಹೊತ್ತಿಗೆ ಕಾರ್ಖಾನೆಯನ್ನೂ ಹಾಕಿದ. 1806ರಿಂದ ಇಂಗ್ಲೆಂಡಿನ ಜತೆ ವ್ಯಾಪಾರ ನಿಂತು ಕಬ್ಬಿನ ಸಕ್ಕರೆಯ ದಾರಿ ಮುಚ್ಚಿದಾಗ ಆ ಗೆಡ್ಡೆಯ ನೆನಪಾಯಿತು. 1811ರಲ್ಲಿ 32,000 ಹೆಕ್ಟೇರ್ ಬೀಟ್ ಬಿತ್ತಬೇಕೆಂದು ನೆಪೋಲಿಯನ್ ಆಜ್ಞೆ ಹೊರಡಿಸಿದ. ಮರುವರ್ಷ ದೆಲೆಸೇರ್ ಎಂಬ ಉದ್ಯಮಿ ಒಳ್ಳೆಯ ಬೀಟ್ ಸಕ್ಕರೆ ತೆಗೆದಾಗ ತನ್ನ ಎದೆಯ ಪದಕವನ್ನೇ ಕಿತ್ತು ಅವನಿಗೆ ಚುಚ್ಚಿದನಂತೆ. ಆಗ ಬೆಲ್ಜಿಯಂ ಎಂಬ ದೇಶವೇ ಇರಲಿಲ್ಲ, ಆ ನೆಲವೆಲ್ಲ ಫ್ರಾನ್ಸಿನ ಕೈಯಲ್ಲಿತ್ತು. 1830ರಲ್ಲಿ ದೇಶ ಹುಟ್ಟಿತು. 1836ರಲ್ಲಿ ಟೀನೆನ್ ಪಟ್ಟಣದಲ್ಲಿ ಸಕ್ಕರೆ ಕಾರ್ಖಾನೆ ಹುಟ್ಟಿತು. ಅದೇ 1836ರ ಡಿಸೆಂಬರಿನಲ್ಲಿ ವೆಸ್ಟ್‌ಮಾಲೆ ಎಂಬ ಮಠದ ಸನ್ಯಾಸಿಗಳು ತಾವೇ ತಯಾರಿಸಿದ ಬಿಯರನ್ನು ಮೊದಲ ಬಾರಿ ಊಟಕ್ಕೆ ಬಡಿಸಿಕೊಂಡರು.

ಬೀಟ್‌ಗೂ ಕಬ್ಬಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕಬ್ಬಿನ ಹಸಿ ಪಾಕ, ನಮ್ಮ ಕಾಕಂಬಿ, ಬಾಯಿಗೆ ಹಿತ. ಬಿಸಿ ರೊಟ್ಟಿಯ ಮೇಲೆ ಹಾಕಿಕೊಂಡು ತಿಂದವರಿಗೆ ಗೊತ್ತು. ಬೀಟಿನ ಹಸಿ ಪಾಕಕ್ಕೆ ಮಣ್ಣಿನ ಒಗರು, ಕೆಟ್ಟ ವಾಸನೆ. ಹಾಗಾಗಿ ಅವರು ಮೊದಲು ಅದನ್ನು ತೊಳೆದು ಬಿಳಿ ಸಕ್ಕರೆ ಮಾಡಬೇಕು, ಆಮೇಲೆ ಮತ್ತೆ ಕಾಯಿಸಿ ಕಪ್ಪು ಮಾಡಬೇಕು. ಕಳೆದುಕೊಂಡ ರುಚಿಯನ್ನು ಬೆಂಕಿಯಿಂದ ತಿರುಗಿ ಸಾಲ ತಂದಂತೆ. ನಮಗೆ ಆ ಸುತ್ತುದಾರಿಯೇ ಬೇಕಿಲ್ಲ. ಬೆಂಗಳೂರಿನ ಯಾವುದಾದರೂ ಬ್ರೂವರಿಯವರು ಬೆಲ್ಜಿಯಮ್ಮಿನಿಂದ ಡಬ್ಬಿಯಲ್ಲಿ ಕಾಂಡೈ ಪಾಕ ತರಿಸುತ್ತಿದ್ದರೆ ನನಗೆ ನಗು ಬರುತ್ತದೆ. ಬೆಲ್ಲ ಹಾಕಿದರೆ ಅದೇ ಬಿಯರು ಆಗುವುದಿಲ್ಲ, ಒಪ್ಪುತ್ತೇನೆ. ಬೆಲ್ಲದಲ್ಲಿ ಕಬ್ಬಿನ ಲವಣಾಂಶ, ಕಬ್ಬಿನದೇ ವಾಸನೆ ಉಳಿದಿರುತ್ತದೆ. ಬೇರೆ ಬಿಯರಾಗಲಿ ಬಿಡಿ, ಯಾರಿಗೆ ನಷ್ಟ?

ವೆಸ್ಟ್‌ಮಾಲೆಯವರು ಟ್ರ್ಯಾಪಿಸ್ಟರು; ಸಂತ ಬೆನೆಡಿಕ್ಟನ ನಿಯಮದಂತೆ ತಮ್ಮ ಕೈದುಡಿಮೆಯಿಂದಲೇ ಬದುಕಬೇಕಾದವರು. ಅವರ ಕಪ್ಪು ಬಿಯರು 1926ರಲ್ಲಿ ಈಗಿನ ರೂಪಕ್ಕೆ ಬಂತು. ಅದೇ 'ಡಬಲ್'. ಆ ಮೇಲೆ ಲೋಕವೆಲ್ಲ ಆ ಜಾತಿಯ ಬಿಯರಿಗೆ ಅದೇ ಹೆಸರು ಹಿಡಿಯಿತು. ಟ್ರ್ಯಾಪಿಸ್ಟ್ ಮುದ್ರೆ ಬೇಕೆಂದರೆ ಮೂರು ಕಟ್ಟಳೆ: ಮಠದ ಆವರಣದಲ್ಲೇ ತಯಾರಾಗಬೇಕು, ಸನ್ಯಾಸಿಗಳ ಉಸ್ತುವಾರಿಯಿರಬೇಕು, ಬಂದ ಹಣ ಮಠದ ಖರ್ಚಿಗೆ, ಮಿಕ್ಕಿದ್ದು ಬಡವರಿಗೆ ಹೋಗಬೇಕು. ಇದನ್ನು ಮೊದಲ ಸಲ ಓದಿದಾಗ ನನಗೆ ಯಾವ ಅನುವಾದವೂ ಬೇಕಾಗಲಿಲ್ಲ. ನಮ್ಮ ನಾಡಿನಲ್ಲಿ ಅದಕ್ಕೆ ಎಂಟುನೂರು ವರ್ಷಗಳಿಂದ ಕಾಯಕ, ದಾಸೋಹ ಎಂಬ ಹೆಸರುಂಟು. ಕಲ್ಯಾಣದ ಶರಣರಲ್ಲಿ ಹೆಂಡದ ಮಾರಯ್ಯನೂ ಒಬ್ಬ. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಮಾರಯ್ಯನ ವಚನಗಳಲ್ಲಿ ಹೆಂಡ ಅಧ್ಯಾತ್ಮದ ಸಂಕೇತವಾಗಿ ಬರುತ್ತದೆ, ವೆಸ್ಟ್‌ಮಾಲೆಯಲ್ಲಿ ಅದು ಸಂಜೆಗೆ ಲಾರಿ ಹತ್ತುತ್ತದೆ.

ಲಾರಿ ಹತ್ತಿಸಲು ಮನಸ್ಸಿಲ್ಲದವರೂ ಇದ್ದಾರೆ. ವೆಸ್ಟ್‌ವ್ಲೆಟರೆನ್‌ನ ಸಂತ ಸಿಕ್ಸ್ಟಸ್ ಮಠದ '12' ಎಂಬ ಕಪ್ಪು ಬಿಯರಿಗೆ ಜಗತ್ತಿನ ಅತ್ಯುತ್ತಮ ಎಂಬ ಪಟ್ಟ ಬಂದಾಗಲೂ ಸನ್ಯಾಸಿಗಳು ಒಂದು ಕೊಪ್ಪರಿಗೆಯನ್ನೂ ಹೆಚ್ಚಿಸಲಿಲ್ಲ. ಬಾಟಲಿಗೆ ಬಹುಕಾಲ ಚೀಟಿಯೂ ಇರಲಿಲ್ಲ, ಮುಚ್ಚಳದ ಬಣ್ಣವೇ ಗುರುತು. ಹಳದಿಯಾದರೆ 12, ನೀಲಿಯಾದರೆ 8. 2012ರ ಸುಮಾರಿಗೆ ಮಠದ ಕಟ್ಟಡಕ್ಕೆ ಹಣ ಬೇಕಾದಾಗ ಒಮ್ಮೆ ಮಾತ್ರ ಪೆಟ್ಟಿಗೆ ಕಟ್ಟಿ ಹೊರದೇಶಕ್ಕೂ ಕಳಿಸಿದರು. ಕೆಲಸ ಮುಗಿಯಿತು, ಬಾಗಿಲು ಹಾಕಿದರು.

ಈ ಬಿಯರುಗಳು ಇಷ್ಟು ಖಡಕ್ ಆದದ್ದರ ಹಿಂದೆ ಒಂದು ಸರ್ಕಾರಿ ಕತೆಯೂ ಇದೆ. 1919ರಲ್ಲಿ ಬೆಲ್ಜಿಯಂ ಕೆಫೆಗಳಲ್ಲಿ ಜಿನ್‌ನಂಥ ಭಟ್ಟಿ ಮದ್ಯ ಮಾರುವುದನ್ನು ನಿಷೇಧಿಸಿತು. ಅಂಗಡಿಯಲ್ಲೂ ಎರಡು ಲೀಟರಿಗೆ ಕಡಿಮೆ ಮಾರುವಂತಿಲ್ಲ, ಕೂಲಿಯವನು ಒಮ್ಮೆಗೇ ಅಷ್ಟು ಕೊಳ್ಳಲಾರ ಎಂಬುದು ಲೆಕ್ಕಾಚಾರ. ಕುಡಿಯುವವರು ಬಿಯರಿನತ್ತ ಹೊರಳಿದರು, ಬ್ರೂವರಿಯವರು ಬಿಯರಿನ ಕಸುವು ಏರಿಸಿದರು. ಸಕ್ಕರೆ ಆಗ ಕೈಹಿಡಿಯಿತು. ಮಾಲ್ಟನ್ನೇ ಹೆಚ್ಚಿಸಿದರೆ ಬಿಯರು ಗಂಜಿಯ ಹಾಗೆ ದಪ್ಪಗಾಗುತ್ತದೆ, ಎರಡು ಗುಟುಕಿಗೆ ಹೊಟ್ಟೆ ತುಂಬುತ್ತದೆ. ಸಕ್ಕರೆಯನ್ನು ಯೀಸ್ಟ್ ಹೆಚ್ಚುಕಡಿಮೆ ಪೂರ್ತಿ ತಿಂದುಬಿಡುವುದರಿಂದ ಅಮಲು ಏರಿದರೂ ಮೈ ಹಗುರ. ಆ ಕಾನೂನು 1980ರ ದಶಕದವರೆಗೂ ಇತ್ತು. ನಮ್ಮಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಆದರೆ ಅದನ್ನು ಕುಡಿಯುತ್ತಿದ್ದವರು ಹೊರಳಿದ್ದು ಬಿಯರಿನತ್ತ ಅಲ್ಲ, ಅಗ್ಗದ ವಿಸ್ಕಿಯ ಪೊಟ್ಟಣದತ್ತ. ಕಾನೂನು ಒಂದೇ ಥರದ್ದಾದರೂ ಹರಿಯುವ ನೀರು ತನ್ನ ಇಳಿಜಾರು ತಾನೇ ನೋಡಿಕೊಳ್ಳುತ್ತದೆ.

ನಮ್ಮ ಇಳಿಜಾರು ಭಟ್ಟಿಯ ಕಡೆಗೇ. ಕಾಗವಾಡ ತಾಲೂಕಿನ ಉಗಾರದಲ್ಲಿ 1939ರಲ್ಲಿ ಶಿರಗಾಂವಕರ ಮನೆತನ ಸಕ್ಕರೆ ಕಂಪನಿ ಕಟ್ಟಿತು. ಆಮೇಲೆ ಸಂಕೇಶ್ವರದ ಹಿರಣ್ಯಕೇಶಿ, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಹೀಗೆ ಸಹಕಾರಿ ಕಾರ್ಖಾನೆಗಳು ಎದ್ದವು. ಈ ಸೀಮೆಯ ರಾಜಕಾರಣ, ಮದುವೆ, ಸಾಲ, ಎಲ್ಲವೂ ಕಬ್ಬಿನ ಸುತ್ತಲೇ ಸುತ್ತುತ್ತವೆ. ಸಕ್ಕರೆ ತೆಗೆದು ಉಳಿದ ಕಾಕಂಬಿ ಡಿಸ್ಟಿಲರಿಗೆ ಹೋಗಿ ಸ್ಪಿರಿಟ್ಟೋ ಎಥೆನಾಲೋ ಆಗುತ್ತದೆ. ಒಂದು ಪೆಗ್ ವಿಸ್ಕಿಯಾಗಿ ಹೊಟ್ಟೆಗೆ, ಇಲ್ಲವೇ ಪೆಟ್ರೋಲಿನಲ್ಲಿ ಬೆರೆತು ಬೈಕಿಗೆ. ರುಚಿಯ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ, ಯಾಕೆಂದರೆ ಭಟ್ಟಿಯ ಉದ್ದೇಶವೇ ರುಚಿಯನ್ನು ಹಿಂದೆ ಬಿಟ್ಟು ಸ್ಪಿರಿಟ್ಟನ್ನಷ್ಟೇ ಮೇಲೆ ತರುವುದು. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಹಗಲುರಾತ್ರಿ ಕೂತಿದ್ದರು, ಮಾತು 3,300ಕ್ಕೆ ಬಂದು ನಿಂತಿತು. ಆ ಇನ್ನೂರು ರೂಪಾಯಿಯ ಎಳೆದಾಟದಲ್ಲಿ ಕಬ್ಬು ಬರೀ ತೂಕ. ಅದರ ರಸಕ್ಕೆ ನೂರು ರುಚಿಗಳಿವೆ ಎಂದು ಆ ಹೊತ್ತಿನಲ್ಲಿ ಹೇಳಹೊರಟವನು ಏಟು ತಿಂದಾನು.

ಹಾಗೆಂದು ಹುದುಗಿಸುವ ವಿದ್ಯೆ ನಮಗೆ ಹೊಸದೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯದ ಅಧ್ಯಕ್ಷನಿಗೇ ಒಂದು ಅಧ್ಯಾಯವಿದೆ. ಬೇಲದ ಹಣ್ಣಿಗೆ ಫಾಣಿತ ಸೇರಿಸಿ ಮಾಡುವ ಆಸವ, ಬೆಲ್ಲಕ್ಕೆ ಮೆಣಸು ಹಿಪ್ಪಲಿ ಬೆರೆಸುವ ಮೈರೇಯ, ಹುದುಗು ಬರಿಸಲು ಕಿಣ್ವ, ಎಲ್ಲದಕ್ಕೂ ಅಲ್ಲಿ ಲೆಕ್ಕವಿದೆ. ಫಾಣಿತ ಅಂದರೆ ಕಬ್ಬಿನ ಗಟ್ಟಿ ಪಾಕ. ಕಾಕಂಬಿಯ ಅಜ್ಜ ಅನ್ನಿ. ಬರೀ ಕಬ್ಬಿನ ರಸದ ಮದ್ಯಕ್ಕೆ ಸೀಧು ಎಂಬ ಹೆಸರಿತ್ತು. ಬೆಲ್ಲ ಹಾಕಿ ಹುದುಗಿಸುವುದು ಮಾತ್ರ ಆಯುರ್ವೇದದ ಅಂಗಡಿಯ ದ್ರಾಕ್ಷಾರಿಷ್ಟ, ಅಶೋಕಾರಿಷ್ಟಗಳಲ್ಲಿ ಇಂದಿಗೂ ಉಳಿದಿದೆ. ಔಷಧವೆಂದು ಚಮಚದಲ್ಲಿ ಕುಡಿಯುವ ಅಜ್ಜಿಗೆ ತಾನು ಬೆಲ್ಜಿಯಮ್ಮಿನ ಸನ್ಯಾಸಿಯ ದೂರದ ನೆಂಟಳೆಂದು ತಿಳಿಯದು.

ಇನ್ನೊಂದು ತೊಡಕು ಕಾನೂನಿನದು. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದಂತೆ ನಮ್ಮಲ್ಲಿ 'ಸ್ಟ್ರಾಂಗ್' ಬಿಯರೆಂದರೆ ಶೇ 5ರಿಂದ 8ರವರೆಗೆ ಆಲ್ಕೋಹಾಲ್. ವೆಸ್ಟ್‌ಮಾಲೆಯ ಡಬಲ್ ಶೇ 7, ಹೇಗೋ ಒಳಗೆ ಬರುತ್ತದೆ. ವೆಸ್ಟ್‌ವ್ಲೆಟರೆನ್ 12ರದು ಶೇ 10.2, ಇನ್ನೊಂದು ಮಠದ ರೋಶ್‌ಫೋರ್ 10ರದು ಶೇ 11.3. ಇವು ನಮ್ಮ ಲೆಕ್ಕದಲ್ಲಿ ಬಿಯರಿನ ಗೆರೆಯಾಚೆ. ಹಾಗಾಗಿ ಇಲ್ಲಿಯ ಬ್ರೂವರಿಯವರಿಗೆ ಕಪ್ಪು ಏಲ್‌ನ ತಮ್ಮನನ್ನು ಮಾಡಬಹುದು, ಅಣ್ಣನನ್ನಲ್ಲ.

ಇಷ್ಟೆಲ್ಲ ತಿಳಿದ ಮೇಲೆ ಸುಮ್ಮನಿರಲಾಗದೆ ಗಾಣದಿಂದ ಒಂದು ಕಿಲೋ ಸೀದ ಬೆಲ್ಲ ತಂದೆ. ದುಡ್ಡು ಕೊಡಲು ಹೋದರೆ ಗಾಣದ ಹಿರಿಯ "ಇದಕ್ಕೇನ್ ರೊಕ್ಕ ತಗೊಳ್ಳೋದ್ರಿ, ಎತ್ತಿಗೆ ಹಾಕ್ರಿ" ಅಂದ. ಮನೆಯಲ್ಲಿ ಸ್ವಲ್ಪ ನೀರು, ಎರಡು ಹನಿ ನಿಂಬೆರಸ ಹಾಕಿ ಸಣ್ಣ ಉರಿಯಲ್ಲಿ ಇನ್ನಷ್ಟು ಕಾಯಿಸಿದೆ. ಮುಕ್ಕಾಲು ತಾಸಿಗೆ ಅಡಿಗೆಮನೆಯ ವಾಸನೆಯೇ ಬೇರೆಯಾಯಿತು. ಹೊರಗೆ ಅಕ್ಕಿ ಆರಿಸುತ್ತಿದ್ದ ಅವ್ವ, ಬಿಯರಿನ ಬಾಟಲಿಯನ್ನು ಜನ್ಮದಲ್ಲಿ ಮುಟ್ಟದವಳು, ಮೂಗರಳಿಸಿ ಒಳಗೆ ಬಂದಳು.

"ಖಾರಿಕ ಕುದಸಾಕತ್ತೀಯೇನೋ?"

ಇಲ್ಲ ಅಂದೆ, ಒಣಖರ್ಜೂರವಲ್ಲ, ಬರೀ ಬೆಲ್ಲ ಅಂದೆ. ಅವಳು ಬಗ್ಗಿ ಕಪ್ಪಗೆ ಕುದಿಯುವುದನ್ನು ನೋಡಿ, ಬೆರಳ ತುದಿಯಷ್ಟು ನೆಕ್ಕಿ, ಒಂದು ಗಳಿಗೆ ಸುಮ್ಮನಿದ್ದಳು.

"ರುಚಿ ಐತಿ," ಅಂದಳು. "ಪಾತ್ರಿ ಮಾತ್ರ ನೀನ ತಿಕ್ಕು."